ಅಕ್ಕೋರ ತ್ಯಾಪಿ ಪಟ್ಟಿ

ಅಕ್ಕೋರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಒಂದಕ್ಕೊಂದು ಸಿಕ್ಕಿಕೊಂಡ ಟೈಪ್‌ರೈಟರ್ ಕಡ್ಡಿಗಳನ್ನು ಇಪ್ಪತ್ತು ವರ್ಷ ಅದೇ ಬೆರಳಿನಿಂದ ಬಿಡಿಸಿ ಆದ ಸೀಳು ಅದು. ಅದರೊಳಗೆ ರಿಬ್ಬನ್ನಿನ ಮಸಿ ಇಳಿದು ಕಪ್ಪು ಗೆರೆಯಾಗಿತ್ತು; ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ನಾವು ಟೈಪ್ ಮಾಡಿ ತಂದ ಹಾಳೆಯ ಮೇಲೆ ಆ ಬೆರಳು ಸಾಲು ಸಾಲಾಗಿ ಇಳಿಯುತ್ತ ಬಂದು ಒಂದು ಕಡೆ ನಿಂತಿತೆಂದರೆ ಅಲ್ಲಿ ತಪ್ಪಿದೆ ಎಂದು ಅರ್ಥ. ಬಾಯಿಂದ ಏನೂ ಹೇಳುತ್ತಿರಲಿಲ್ಲ. ತಪ್ಪು ನಮ್ಮ ಕಣ್ಣಿಗೆ ಬೀಳುವ ತನಕ ಬೆರಳು ಅಲ್ಲೇ ಇರುತ್ತಿತ್ತು.

ನಮ್ಮ ಕಡೆ ಕಲಿಸುವ ಹೆಣ್ಣುಮಕ್ಕಳನ್ನು ಅಕ್ಕೋರು ಎನ್ನುತ್ತೇವೆ. ಈಕೆ ಯಾವ ಶಾಲೆಯಲ್ಲೂ ಕಲಿಸಲಿಲ್ಲ. ಬೆಳಗಾವಿಯ ಶಹಾಪುರದ ಒಂದು ಓಣಿಯಲ್ಲಿ, ಸ್ಟೀಲ್ ಪಾತ್ರೆ ಮಾರುವ ಅಂಗಡಿಯ ಮೇಲಿನ ಮಹಡಿಯಲ್ಲಿ ಟೈಪಿಂಗ್ ಕ್ಲಾಸು ನಡೆಸುತ್ತಿದ್ದರು. ಮದುವೆಯಾಗಿರಲಿಲ್ಲ. ಮನೆಯಲ್ಲಿ ಮರಾಠಿ, ಕ್ಲಾಸಿನಲ್ಲಿ ಕನ್ನಡ, ಸಿಟ್ಟು ಬಂದಾಗ ಎರಡೂ. ಓಣಿಯ ಗಂಡಸರು ಅವರ ಮೆಟ್ಟಿಲ ಕೆಳಗೆ ನಿಂತು ಬೀಡಿ ಸೇದಲು ಹೆದರುತ್ತಿದ್ದರು.

ನಾನು ಖಾನಾಪುರದವನು. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಉದ್ಯಮಬಾಗದಲ್ಲಿ ಪಂಪು ತಯಾರಿಸುವ ಒಂದು ಕಾರ್ಖಾನೆಯಲ್ಲಿ ಡ್ರಾಯಿಂಗ್ ಮಾಡುವ ನೌಕರಿಯಲ್ಲಿದ್ದೆ. ಪೀರನವಾಡಿಯಲ್ಲಿ ಒಂದು ಖೋಲಿ ಹಿಡಿದಿದ್ದೆ. ಕಾಲೇಜಿನ ದಿನಗಳಲ್ಲಿ ಅಕ್ಕೋರ ಹತ್ತಿರ ಟೈಪಿಂಗ್ ಕಲಿತವನಾದ್ದರಿಂದ, ಕೆಲಸ ಬಿಟ್ಟ ಮೇಲೆ ಸಂಜೆ ಅಲ್ಲಿಗೇ ಹೋಗುವ ರೂಢಿಯಾಗಿತ್ತು. ಆಗ ಅವರು ಮೂರು ಕಂಪ್ಯೂಟರ್ ತರಿಸಿದ್ದರು. ಟೈಪ್‌ರೈಟರಿಗೆ ಕೂರುವವರು ಕಡಿಮೆಯಾಗಿದ್ದರು. ಮುಂಜಾನೆ ಕಂಪ್ಯೂಟರ್ ಪಾಠ. ಸಂಜೆ ಐದರಿಂದ ಎಂಟರವರೆಗೆ ತಾಸಿನ ಲೆಕ್ಕದಲ್ಲಿ ಯಾರು ಬೇಕಾದರೂ ಕೂರಬಹುದು. ಕೂರುವವರೆಲ್ಲ ಆಟಕ್ಕೇ ಬರುತ್ತಿದ್ದರು. ಇದು ಅಕ್ಕೋರಿಗೆ ಮನಸ್ಸಿಲ್ಲದ ಸಂಗತಿ. ಆದರೆ ಮನಸ್ಸಿಲ್ಲದ ಕೆಲಸವನ್ನೂ ಅರೆಬರೆ ಮಾಡುವುದು ಅವರಿಂದ ಆಗುತ್ತಿರಲಿಲ್ಲ.

ಆಗಿನ ಆಟಗಳ ಬಗ್ಗೆ ಒಂದು ಮಾತು ಹೇಳಬೇಕು. ಕ್ರಿಕೆಟ್ ಆಟ ಪರದೇಶದಲ್ಲಿ ತಯಾರಾಗಿ ಬರುತ್ತಿತ್ತು. ಅದರಲ್ಲಿ ನಮ್ಮ ಆಟಗಾರರಿಗೆ ಯಾವುದೋ ಅಡ್ಡ ಹೆಸರು, ಅಂಗಿಗೆ ಯಾವುದೋ ಬಣ್ಣ. ಇದನ್ನು ಸರಿಮಾಡಲು ಎಲ್ಲೋ ಯಾರೋ ಹವ್ಯಾಸಿ ಒಂದು ಸಣ್ಣ ಫೈಲು ತಯಾರಿಸುತ್ತಿದ್ದ. ಅದನ್ನು ಆಟದ ಮೇಲೆ ಹಾಕಿದರೆ ಹೆಸರು ಸರಿಯಾಗುತ್ತಿತ್ತು, ಅಂಗಿ ನೀಲಿಯಾಗುತ್ತಿತ್ತು. ಕಾರಿನ ಆಟಕ್ಕೆ ಹೊಸ ರಸ್ತೆ ಬರುತ್ತಿತ್ತು. ಇವನ್ನು ಈಗಿನ ಹುಡುಗರು ಮಾಡ್ ಎನ್ನುತ್ತಾರೆ. ನಾವು ಪ್ಯಾಚ್ ಎನ್ನುತ್ತಿದ್ದೆವು. ಅಕ್ಕೋರು ನೇರವಾಗಿ ತ್ಯಾಪಿ ಅಂದುಬಿಟ್ಟರು. ಹರಿದ ಪೈಜಾಮಕ್ಕೆ ಹಚ್ಚುವ ತೇಪೆ.

ಯಾರೋ ಒಬ್ಬ ಅಂಥದೊಂದು ತೇಪೆ ಹಾಕಿಹೋದ ಮೇಲೆ ಮೊದಲನೆಯ ಕಂಪ್ಯೂಟರಿನಲ್ಲಿ ಕನ್ನಡ ಅಕ್ಷರಗಳೇ ಮೂಡದಂತಾದವು. ನಾಲ್ಕು ದಿನಕ್ಕೆ ಪರೀಕ್ಷೆ ಇತ್ತು. ಅಭ್ಯಾಸಕ್ಕೆ ಬಂದ ಹುಡುಗಿಯರು ಅಳುತ್ತಾ ಕೂತರು. ಎಲ್ಲ ಅಳಿಸಿ ಮತ್ತೆ ಹಾಕುವುದಕ್ಕೆ ಎರಡು ದಿನ ಹಿಡಿಯಿತು. ಮೂರನೆಯ ದಿನ ಗೋಡೆಯ ಮೇಲೆ ಒಂದು ಹಾಳೆ ಬಂತು. ಹಳೆಯ ಕನ್ನಡ ಟೈಪ್‌ರೈಟರಿನಲ್ಲಿ ಹೊಡೆದದ್ದು. ಮೇಲೆ, "ನಾವು ಹಾಕಿ ನೋಡಿದ ತೇಪೆಗಳು" ಎಂದಿತ್ತು. ಇದರಲ್ಲಿ ಇಲ್ಲದ್ದನ್ನು ಇಲ್ಲಿಯ ಕಂಪ್ಯೂಟರಿಗೆ ಯಾರೂ ಹಾಕಕೂಡದು.

ಆ ಪಟ್ಟಿಯನ್ನು ನಾನು ಇವತ್ತೂ ಕಣ್ಣು ಮುಚ್ಚಿ ಓದಬಲ್ಲೆ. ಪ್ರತಿ ತೇಪೆಗೂ ಎಲ್ಲಿಂದ ಬಂತು, ಯಾರು ಮಾಡಿದ್ದು, ಏನು ಬದಲಾಗುತ್ತದೆ, ತೆಗೆದರೆ ಆಟ ಮೊದಲಿನಂತಾಗುತ್ತದೋ ಇಲ್ಲವೋ, ಎಷ್ಟು ದಿನ ನಡೆಸಿ ನೋಡಿದೆವು, ನೋಡಿದವರು ಯಾರು ಎಂದಿರುತ್ತಿತ್ತು. ನೋಡಿದವರು ತಮ್ಮ ಹೆಸರನ್ನು ತಮ್ಮ ಕೈಯಿಂದಲೇ ಬರೆಯಬೇಕು. ಅದನ್ನು ಮಾತ್ರ ಅಕ್ಕೋರು ಟೈಪ್ ಮಾಡುತ್ತಿರಲಿಲ್ಲ. ಕೊನೆಯಲ್ಲಿ ಒಂದು ಅಗಲವಾದ ಕಾಲಮ್ಮು, ತಲೆಬರಹ "ಗೊತ್ತಿಲ್ಲದ್ದು". ಆ ಕಾಲಮ್ಮು ಯಾವ ತೇಪೆಗೂ ಖಾಲಿ ಇದ್ದದ್ದನ್ನು ನಾನು ಕಾಣೆ. ಚಲೋ, ಉತ್ತಮ ಎಂಬ ಮಾತು ಇಡೀ ಹಾಳೆಯಲ್ಲಿ ಒಂದು ಕಡೆಯೂ ಇರಲಿಲ್ಲ.

ಮೂರನೆಯ ಕಂಪ್ಯೂಟರು ಇದಕ್ಕೆಂದೇ ಮೀಸಲು. ಅದರಲ್ಲಿ ಕಳೆದುಹೋಗುವಂಥದು ಏನೂ ಇರುತ್ತಿರಲಿಲ್ಲ. ತೇಪೆಯನ್ನು ಮೊದಲು ಅಲ್ಲಿ ಹಾಕಿ, ಹದಿನೈದು ದಿನ ಆಡಿ, ತೆಗೆದು, ಮತ್ತೆ ಹಾಕಿ ನೋಡಬೇಕು. ಯಾವುದೋ ಒಂದು ತಾರೀಖಿಗೆ ಏಳುವ ವೈರಸ್ಸುಗಳಿವೆ ಎಂದು ಎಲ್ಲೋ ಓದಿದ ಮೇಲೆ, ಅಕ್ಕೋರು ಆ ಕಂಪ್ಯೂಟರಿನ ಗಡಿಯಾರವನ್ನು ಒಂದೊಂದೇ ದಿನ ಮುಂದೆ ತಳ್ಳುತ್ತಾ ವರ್ಷವಿಡೀ ದಾಟಿಸಿ, ಪ್ರತಿ ಸಲ ಬಂದ್ ಮಾಡಿ ಚಾಲೂ ಮಾಡಿ ನೋಡುತ್ತಿದ್ದರು. ಐವತ್ತು ದಾಟಿದ ಹೆಂಗಸು, ನೂಲಿನ ಸೀರೆ ಉಟ್ಟು, ಬೆನ್ನು ನೆಟ್ಟಗೆ ಮಾಡಿ ಕೂತು, ಕೀಲಿಗಳ ಕಡೆ ನೋಡದೆ ಕ್ರಿಕೆಟ್ ಆಡುತ್ತಿದ್ದರು. ಯಾವಾಗಲೂ ಮೊದಲನೆಯ ಚೆಂಡಿಗೇ ಔಟು. ನಾವು ನಕ್ಕರೆ ಅವರಿಗೆ ಅದರ ಪರಿವೆಯೇ ಇರುತ್ತಿರಲಿಲ್ಲ. ಎಷ್ಟನೆಯ ಚೆಂಡಿಗೆ ಪರದೆ ತಡೆದು ನಿಂತಿತು ಎಂದು ಬರೆದುಕೊಳ್ಳುತ್ತಿದ್ದರು.

ನಾನು ಮೊದಲ ಸಲ ಒಂದು ತೇಪೆ ತಂದು, ಇದು ಸೂಪರ್ ಇದೆ, ಪಟ್ಟಿಗೆ ಸೇರಿಸಿರಿ ಎಂದೆ.

"ಸೂಪರ್ ಅಂದ್ರ ಏನು? ಅದು ಏನ ಮಾಡ್ತದ, ಅದನ್ನ ಹೇಳು" ಎಂದರು.

ಎಲ್ಲಿಂದ ತಂದಿ ಎಂದು ಕೇಳಿದರು. ಗೆಳೆಯನ ಸೀಡಿಯಿಂದ ಎಂದೆ. ಗೆಳೆಯನಿಗೆ ಎಲ್ಲಿಂದ? ಗೊತ್ತಿಲ್ಲ. ಮಾಡಿದವರು ಯಾರು? ಗೊತ್ತಿಲ್ಲ. ತೆಗೆದು ನೋಡಿದೆಯಾ? ಇಲ್ಲ. ನನ್ನೆದುರಿಗೇ ಟೈಪ್‌ರೈಟರಿಗೆ ಹಾಳೆ ಏರಿಸಿ, ಗೊತ್ತಿಲ್ಲ ಗೊತ್ತಿಲ್ಲ ಎಂದು ಹೊಡೆದು ಗೋಡೆಗೆ ಹಚ್ಚಿದರು. ಒಂದು ವಾರ ಬಂದವರೆಲ್ಲ ಅದನ್ನು ಓದಿ ನನ್ನ ಮುಖ ನೋಡಿದರು. ನನಗೆ ಮೈ ಉರಿದುಹೋಯಿತು. ಹಟ ಹಿಡಿದು ಆ ತೇಪೆ ಮಾಡಿದವನ ವಿಳಾಸ ಹುಡುಕಿ, ಪತ್ರ ಬರೆದು, ಉತ್ತರ ತರಿಸಿಕೊಂಡು ಬಂದೆ. ಆಗ ಅಕ್ಕೋರು ಗೊತ್ತಿಲ್ಲ ಎಂದಿದ್ದ ಸಾಲನ್ನು ಗೀಚಿಹಾಕಿ ಸರಿಯಾದದ್ದನ್ನು ಬರೆದರು. ಶಹಬ್ಬಾಸ್ ಎನ್ನಲಿಲ್ಲ. ಚಹಾ ತರಿಸಿದರು.

ಅವರದೇ ವಿದ್ಯಾರ್ಥಿಯೊಬ್ಬ ಕಾರಿನ ಆಟಕ್ಕೆ ಒಂದು ರಸ್ತೆ ಮಾಡಿದ್ದ. ಬೆಳಗಾವಿ ಕೋಟೆಯ ಕಂದಕದ ಬಾಜುವಿನ ತಿರುವು, ಕೆರೆ, ಎಲ್ಲ ಇದ್ದಂತೆಯೇ ಇತ್ತು. ಊರಿನ ಹುಡುಗರು ಮುಗಿಬಿದ್ದರು. ಪಟ್ಟಿಯಲ್ಲಿ ಅದರ ಮುಂದೆ ಅಕ್ಕೋರು ಬರೆದದ್ದು: "ಮಾಡಿದವನು ನನ್ನ ವಿದ್ಯಾರ್ಥಿ. ನನ್ನ ಮಾತೊಂದನ್ನೇ ನಂಬಬೇಡಿರಿ, ಬೇರೆಯವರನ್ನೂ ಕೇಳಿರಿ." ಆ ಹುಡುಗ ಮುನಿಸಿಕೊಂಡು ತಿಂಗಳುಗಟ್ಟಲೆ ಬರಲಿಲ್ಲ. ಇನ್ನೊಂದು ಸಲ, ಹಾಕಬಹುದು ಎಂದಿದ್ದ ಒಂದು ತೇಪೆ ಮೂರು ತಿಂಗಳ ಮೇಲೆ ಕೆಲವರ ಆಟವನ್ನು ಕೆಡಿಸಿತು. ಹಾಳೆ ಕಿತ್ತು ಹೊಸದು ಹಚ್ಚಿದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅಕ್ಕೋರು ಕೆಂಪು ಶಾಯಿಯಲ್ಲಿ ಗೆರೆ ಎಳೆದು, "ಹಾಕಬಹುದು ಎಂದಿದ್ದೆ. ತಪ್ಪಾಯಿತು" ಎಂದು ಬರೆದು, ಅದನ್ನು ನಕಲು ಮಾಡಿಕೊಂಡು ಹೋದವರ ಮನೆಮನೆಗೆ ತಾವೇ ನಡೆದುಹೋಗಿ ಹೇಳಿಬಂದರು. ಮೊಣಕಾಲು ನೋವು ಬೇರೆ ಇತ್ತು.

ಹಾಗಾಗಿ ಆ ಪಟ್ಟಿಗೆ ಊರಲ್ಲಿ ಒಂದು ತೂಕ ಬಂತು. ಇಪ್ಪತ್ತೈದು ಸಾಲು ದಾಟದ ಒಂದು ಹಾಳೆ. ಟಿಳಕವಾಡಿಯಿಂದ, ಕಾಲೇಜು ಹಾಸ್ಟೆಲುಗಳಿಂದ ಜನ ಬಂದು ಮೆಟ್ಟಿಲಲ್ಲಿ ನಿಂತು ಬರೆದುಕೊಂಡು ಹೋಗುತ್ತಿದ್ದರು. ಅಕ್ಕೋರ ಪಟ್ಟಿಯಲ್ಲಿ ಐತೇನು ಎಂದು ಕೇಳುವುದು ಮಾತಿನ ರೂಢಿಯಾಯಿತು.

ಈ ತೂಕದ ವಾಸನೆ ಒಬ್ಬನಿಗೆ ಹತ್ತಿತು. ಪೇಟೆಯಲ್ಲಿ ಸೀಡಿ ಮಾರುವ ಅಂಗಡಿಯವ. ಅವನ ಹೆಸರು ಬರೆದು ನನ್ನ ಕೈ ಹೊಲಸು ಮಾಡಿಕೊಳ್ಳುವುದಿಲ್ಲ. ಒಂದು ಸಂಜೆ ಒಂದು ಡಬ್ಬಿ ಕುಂದಾ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದ. ತನ್ನ ಹತ್ತಿರ ನೂರಾರು ತೇಪೆಗಳಿರುವ ಸೀಡಿಗಳಿವೆ, ಪಟ್ಟಿಯಲ್ಲಿ ಅವುಗಳ ಹೆಸರು ಸೇರಿಸಿ ಮುಂದೆ ಉತ್ತಮ ಎಂದು ಬರೆದರೆ ಸಾಕು, ಇಬ್ಬರಿಗೂ ಅನುಕೂಲ ಎಂದ. ಅಕ್ಕೋರು ಸೀಡಿ ಇಟ್ಟುಹೋಗಲು ಹೇಳಿದರು. ಒಂದೊಂದಕ್ಕೆ ಇಪ್ಪತ್ತು ದಿನ ಹಿಡಿಯುತ್ತದೆ, ನೋಡಿದಷ್ಟನ್ನು ಬರೆಯುತ್ತೇನೆ, ಉತ್ತಮ ಎಂದು ಮಾತ್ರ ಬರೆಯುವುದಿಲ್ಲ ಎಂದರು. ಅವನು ನಕ್ಕ. ಸೀಡಿ ವಾಪಸು ಕಿಸೆಗೆ ಹಾಕಿಕೊಂಡ. ಕುಂದಾದ ಡಬ್ಬಿಯನ್ನು ಮರೆತವನಂತೆ ಬಿಟ್ಟು ಇಳಿದ. ಅಕ್ಕೋರು ಅದನ್ನು ನನ್ನ ಕೈಯಲ್ಲಿ ಕೊಟ್ಟು ಅವನ ಹಿಂದೆಯೇ ಓಡಿಸಿದರು.

ತಿಂಗಳೊಪ್ಪತ್ತಿನಲ್ಲಿ ಪೇಟೆಯಲ್ಲಿ ಒಂದು ಸೀಡಿ ಬಂತು. ಅದರ ಜೊತೆ ಮಡಚಿದ ಒಂದು ಝೆರಾಕ್ಸ್ ಹಾಳೆ. ಮೇಲೆ ಅಕ್ಕೋರ ಕ್ಲಾಸಿನ ಹೆಸರು, ಕೆಳಗೆ ಅವರ ಶಿಕ್ಕೆ, ಎಂದರೆ ರಬ್ಬರ್ ಮುದ್ರೆ. ಮೊದಲ ಇಪ್ಪತ್ತು ಚಿಲ್ಲರೆ ಸಾಲು ಅವರವೇ. ಆಮೇಲೆ ಹೊಸವು ಎಂಟು. ಎಂಟರ ಮುಂದೂ ಉತ್ತಮ, ಅತ್ಯುತ್ತಮ ಎಂದಿತ್ತು. ಗೊತ್ತಿಲ್ಲದ್ದು ಎಂಬ ಕಾಲಮ್ಮನ್ನು ಪೂರ್ತಿ ಕತ್ತರಿಸಿ ತೆಗೆದಿದ್ದ. ನೋಡಿದವರ ಹೆಸರಿನ ಜಾಗವೂ ಇರಲಿಲ್ಲ.

ನಾನು ಆ ಸೀಡಿ ಕೊಂಡೆ. ಕೊಂಡು, ಹಾಳೆ ಬಿಚ್ಚಿ ಓದಿದೆ. ಉತ್ತಮ ಎಂಬ ಮಾತನ್ನೂ ಓದಿದೆ. ಅಕ್ಕೋರ ಹತ್ತಿರ ಅಷ್ಟು ವರ್ಷ ಕೂತವನಿಗೆ, ಇದು ಅವರದಲ್ಲ ಎಂದು ತಿಳಿಯಲು ಆ ಒಂದು ಮಾತು ಸಾಕಿತ್ತು. ತಿಳಿಯಿತು. ಇದನ್ನು ಸ್ಪಷ್ಟವಾಗಿ ಬರೆಯುತ್ತಿದ್ದೇನೆ: ನನಗೆ ಆಗಲೇ ತಿಳಿಯಿತು. ಆದರೂ ಹಾಳೆ ಮಡಚಿ ಕಿಸೆಯಲ್ಲಿಟ್ಟುಕೊಂಡೆ. ಎಂಟರಲ್ಲಿ ಒಂದು ತೇಪೆ ನನಗೆ ಬೇಕಾಗಿತ್ತು.

ಅದು ಬೇಕಾಗಿದ್ದು ವೈನಿಯ ಸಲುವಾಗಿ. ವೈನಿ ಎಂದರೆ ನನ್ನ ಅಣ್ಣನ ಹೆಂಡತಿ. ಖಾನಾಪುರದ ಬಸ್ ಸ್ಟ್ಯಾಂಡಿನ ಹತ್ತಿರ ಡಿಟಿಪಿ ಅಂಗಡಿ ಇಟ್ಟಿದ್ದಳು. ಲಗ್ನಪತ್ರಿಕೆ, ಅರ್ಜಿ, ಹ್ಯಾಂಡ್‌ಬಿಲ್ಲು. ಕಾಲೇಜಿನಲ್ಲಿ ಕ್ರಿಕೆಟ್ ಆಡಿದವಳು. ಕೆಲಸವಿಲ್ಲದ ಮಧ್ಯಾಹ್ನ ಕಂಪ್ಯೂಟರಿನಲ್ಲಿ ಕ್ರಿಕೆಟ್ ಆಡುವಳು. ಇದರೊಳಗ ಒಬ್ಬ ಹೆಣ್ಣಮಗಳೂ ಇಲ್ಲಲ್ಲ ಎಂದು ಯಾವಾಗಲೂ ಗೊಣಗುವಳು. ಆ ಸೀಡಿಯಲ್ಲಿ "ಮಹಿಳಾ ತಂಡ, ಅತ್ಯುತ್ತಮ" ಎಂಬ ತೇಪೆ ಇತ್ತು.

ಅದೇ ಕಂಪ್ಯೂಟರಿನಲ್ಲಿ ವೈನಿಯ ಇನ್ನೊಂದು ಕೆಲಸ ನಡೆದಿತ್ತು. ಖಾನಾಪುರದ ಆಚೆ ಕಾಡಿನಂಚಿನ ಒಂದು ಗೌಳಿವಾಡದಿಂದ ಒಬ್ಬ ಅಜ್ಜಿ ಸಂತೆಯ ದಿನ ಬೆಣ್ಣೆ ಮಾರಲು ಬರುತ್ತಿದ್ದಳು. ಬೆಣ್ಣೆ ಮುಗಿದ ಮೇಲೆ ಅಂಗಡಿಯ ಖುರ್ಚಿಯಲ್ಲಿ ಕಾಲು ಮಡಚಿ ಕೂತು, ಯಾವ ಹುಲ್ಲು ತಿಂದರೆ ಎಮ್ಮೆಯ ಹಾಲು ಕಹಿಯಾಗುತ್ತದೆ, ಯಾವ ತೊಗಟೆ ಅರೆದು ಹಚ್ಚಿದರೆ ಕೆಚ್ಚಲ ಬಾವು ಇಳಿಯುತ್ತದೆ, ಅವಕ್ಕೆ ತಮ್ಮ ಮಾತಿನಲ್ಲಿ ಏನೆನ್ನುತ್ತಾರೆ ಎಂದು ಹೇಳುವಳು. ವೈನಿ ಕೇಳಿದ ಹಾಗೇ ಟೈಪ್ ಮಾಡಿಕೊಳ್ಳುವಳು. ಮೂರು ವರ್ಷದ ಕೆಲಸ. ಅಜ್ಜಿ ಹಿಂದಿನ ಮಳೆಗಾಲದಲ್ಲಿ ತೀರಿಕೊಂಡಿದ್ದಳು. ಎಲ್ಲ ಸೇರಿಸಿ ಒಂದು ಪುಸ್ತಕ ಮಾಡಬೇಕೆಂದು ವೈನಿಯ ಆಸೆ.

ರವಿವಾರ ಊರಿಗೆ ಹೋದಾಗ ಸೀಡಿ ತೋರಿಸಿದೆ. ಅಂಗಡಿಯ ಕಂಪ್ಯೂಟರ್ ಇದು, ಏನೂ ಆಗಂಗಿಲ್ಲಲ್ಲ ಎಂದು ವೈನಿ ಎರಡು ಸಲ ಕೇಳಿದಳು. ಅಕ್ಕೋರ ಪಟ್ಟಿಯಲ್ಲಿರುವುದು ಎಂದು ಹಾಳೆ ಮುಂದೆ ಹಿಡಿದೆ. ಅಷ್ಟಕ್ಕೆ ನಿಲ್ಲಿಸಲಿಲ್ಲ. ನಾನೂ ಅಲ್ಲಿ ಹಾಕಿ ನೋಡೀನ್ರಿ, ಹದಿನೈದು ದಿನ ಆಡೀನಿ ಎಂದೆ. ಹಸಿ ಸುಳ್ಳು. ಯಾಕೆ ಹೇಳಿದೆನೋ. ದೊಡ್ಡ ಕಾರಣ ಇರಲಿಲ್ಲ. ಅವಳು ಖುಷಿಪಡಲಿ ಎಂದು, ತಿಳಿದವನಂತೆ ಕಾಣಲಿ ಎಂದು. ಹೆಣ್ಣುಮಕ್ಕಳು ಬ್ಯಾಟು ಹಿಡಿದು ಪರದೆಯ ಮೇಲೆ ಬಂದಾಗ ವೈನಿ ಚಪ್ಪಾಳೆ ತಟ್ಟಿದಳು. ನಾನು ಉಬ್ಬಿಹೋದೆ.

ಐದು ವಾರ ಎಲ್ಲ ಚೆನ್ನಾಗಿ ನಡೆಯಿತು. ಒಂದು ಮುಂಜಾನೆ ಕಂಪ್ಯೂಟರ್ ಚಾಲೂ ಆಗಲಿಲ್ಲ. ಬೆಳಗಾವಿಯಿಂದ ರಿಪೇರಿಯವರನ್ನು ಕರೆದೊಯ್ದೆ. ತಾರೀಖು ನೋಡಿ ಏಳುವ ವೈರಸ್ಸು, ಡಿಸ್ಕೆಲ್ಲ ಒರೆಸಿಹೋಗಿದೆ ಎಂದರು. ಸೀಡಿ ತೆಗೆದು ನೋಡಿ, ಇದರೊಳಗಿಂದಲೇ ಬಂದದ್ದು ಎಂದೂ ಹೇಳಿದರು. ಕಾಗದದ ಮೇಲೆ ತೆಗೆದಿಟ್ಟಿದ್ದ ಅರ್ಧದಷ್ಟು ಪದಗಳು ಉಳಿದವು. ಉಳಿದರ್ಧಕ್ಕೆ ಯಾವ ನಕಲೂ ಇರಲಿಲ್ಲ. ಕೇಳೋಣವೆಂದರೆ ಅಜ್ಜಿ ಇರಲಿಲ್ಲ.

ವೈನಿ ಮರುದಿನ ಮುಂಜಾನೆಯ ಬಸ್ಸಿಗೆ ಬೆಳಗಾವಿಗೆ ಬಂದು ನೇರವಾಗಿ ಆ ಮೆಟ್ಟಿಲು ಹತ್ತಿದಳು. ನಾನು ಹಿಂದೆ ಇದ್ದೆ. ಕ್ಲಾಸಿನಲ್ಲಿ ಎಂಟು ಹತ್ತು ಹುಡುಗಿಯರು ಟೈಪ್ ಮಾಡುತ್ತಿದ್ದರು. ವೈನಿ ಝೆರಾಕ್ಸ್ ಹಾಳೆಯನ್ನು ಮೇಜಿನ ಮೇಲೆ ಎಸೆದು, ಬಾಯಿಗೆ ಬಂದಂತೆ ಬೈದಳು. ಸತ್ತುಹೋದ ಒಬ್ಬ ಮುದುಕಿಯ ಮಾತನ್ನು ನಿಮ್ಮ ಪಟ್ಟಿ ನುಂಗಿತು ಎಂದಳು. ಟೈಪ್‌ರೈಟರುಗಳು ಒಂದೊಂದಾಗಿ ನಿಂತವು.

ಅಕ್ಕೋರು ಪೂರ್ತಿ ಕೇಳಿದರು. ಆಮೇಲೆ ಹಾಳೆ ಎತ್ತಿಕೊಂಡು ಬೆರಳು ಇಳಿಸುತ್ತಾ ಬಂದರು. ಬೆರಳು ನಿಂತಿತು. ವೈನಿಯನ್ನು ಬಿಟ್ಟು ನನ್ನನ್ನು ನೋಡಿದರು.

"ಇದು ನಂದಲ್ಲ. ನಿನಗ ಗೊತ್ತಾಗಲಿಲ್ಲೇನು?"

ನಾನು ಇಲ್ಲ ಎಂದೆ. ನಿಮ್ಮದೇ ಅಂತ ತಿಳಿದಿದ್ದೆ ಎಂದೆ.

ಅವರು ಎಷ್ಟೋ ಹೊತ್ತು ನೋಡುತ್ತಲೇ ಇದ್ದರು. ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದೆ. ಆಮೇಲೆ ಅವರು ವೈನಿಗೆ ಕೂರಲು ಹೇಳಿ, ನೀರು ಕೊಟ್ಟು, ಚಪ್ಪಲಿ ಮೆಟ್ಟಿ ಹೊರಟರು. ನಾವಿಬ್ಬರೂ ಹಿಂದೆ ನಡೆದೆವು.

ಸೀಡಿ ಅಂಗಡಿಯವ ಗಿರಾಕಿಗಳ ನಡುವೆ ಇದ್ದ. ಅಕ್ಕೋರು ಹಾಳೆ ಮುಂದಿಟ್ಟು, ಇದನ್ನು ಯಾರು ಬರೆದರು ಎಂದು ಕೇಳಿದರು. ಅವನು ಒಂದು ಕ್ಷಣವೂ ಗಲಿಬಿಲಿಯಾಗಲಿಲ್ಲ. ನಿಮ್ಮ ಹೆಸರನ್ನು ಬಿಟ್ಟಿಯಾಗಿ ಊರ ತುಂಬ ಹಬ್ಬಿಸಿದ್ದೇನೆ, ನೀವು ಖುಷಿಪಡಬೇಕು ಎಂದ. ವೈನಿ ಅಜ್ಜಿಯ ಪದಗಳ ಸಂಗತಿ ಹೇಳಿದಳು. ಅದಕ್ಕೆ ಅವನು ಹೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ.

"ಆಟದ ಸಾಮಾನ್ರಿ ಇದು, ಔಷಧ ಅಲ್ಲ. ನೋಡಿ ಹಾಕ್ಕೋಬೇಕಿತ್ತು."

ಅಕ್ಕೋರು ದನಿ ಏರಿಸಲಿಲ್ಲ. ಅವರ ದನಿ ಅಷ್ಟು ತಗ್ಗಿದ್ದನ್ನು ನಾನು ಮೊದಲು ಕೇಳಿರಲಿಲ್ಲ. "ನೋಡಿ ಹಾಕ್ಕೊಳ್ಳಾಕ ಆಗಲಾರದವರ ಸಲುವಾಗಿನ ನಾ ನೋಡಿ ಬರೀತಿದ್ದೆ. ನೀವು ಅದನ್ನ ಕದ್ರಿ" ಎಂದರು.

ಅವನು ಇನ್ನೊಬ್ಬ ಗಿರಾಕಿಯ ಕಡೆ ತಿರುಗಿದ. ಅಷ್ಟೇ. ಪೊಲೀಸ್ ಚೌಕಿಗೂ ಹೋದೆವು. ಆಟದ ಸೀಡಿಯ ತಕರಾರು ಎಂದದ್ದಕ್ಕೆ ಅಲ್ಲಿದ್ದವರು ನಕ್ಕು, ಮನೆಗೆ ಹೋಗಿರಿ ಎಂದರು. ನಾವು ಬೆಳಗಾವಿಯ ಬಿಸಿಲಿನಲ್ಲಿ ವಾಪಸು ನಡೆದೆವು. ಅಕ್ಕೋರ ಮೊಣಕಾಲು ನೋಯುತ್ತಿತ್ತೆಂದು ನಡೆಯುವ ರೀತಿಯಿಂದ ಗೊತ್ತಾಗುತ್ತಿತ್ತು. ರಿಕ್ಷಾ ಮಾಡಲಾ ಎಂದರೆ ಬೇಡವೆಂದರು.

ಮರುದಿನ ಗೋಡೆಯ ಮೇಲೆ ಎರಡನೆಯ ಹಾಳೆ ಬಂತು. "ಹಾಕಬಾರದ್ದು" ಎಂಬ ತಲೆಬರಹದ ಕೆಳಗೆ ಒಂದೇ ಸಾಲು. "ಮಹಿಳಾ ತಂಡ ಎಂಬ ತೇಪೆ. ನನ್ನ ಶಿಕ್ಕೆ ಇರುವ ಖೊಟ್ಟಿ ಹಾಳೆಯ ಜೊತೆ ಬಂದದ್ದು. ಖಾನಾಪುರದ ಒಂದು ಕಂಪ್ಯೂಟರಿನ ಡಿಸ್ಕ್ ಅಳಿಸಿತು, ಮೂರು ವರ್ಷ ಕೂಡಿಸಿದ ಪದಗಳು ಹೋದವು." ಅದರ ಮುಂದೆ ಎರಡು ಕಾಲಮ್ಮು: "ಹಾಕಿದವರು", "ಮೊದಲು ನೋಡಿದ್ದರೇ". ಎರಡೂ ಜಾಗ ಖಾಲಿ. ಅಕ್ಕೋರು ನನ್ನ ಹೆಸರು ಟೈಪ್ ಮಾಡಲಿಲ್ಲ. ಹಾಳೆಯ ಬಾಜುವಿಗೆ ದಾರ ಕಟ್ಟಿ ಒಂದು ಪೆನ್ನು ತೂಗುಬಿಟ್ಟಿದ್ದರು.

ಈ ಹಾಳೆ ತೆಗೆಯಿರಿ, ಇದನ್ನು ಓದಿದವರು ನಿಮ್ಮ ಪಟ್ಟಿಯಿಂದಲೇ ಕೆಟ್ಟಿತು ಅಂದುಕೊಳ್ಳುತ್ತಾರೆ ಎಂದು ಹಿತೈಷಿಗಳು ಎಷ್ಟೋ ಹೇಳಿದರು. ಅಂದುಕೊಂಡರು ಕೂಡ. ಸೀಡಿ ಅಂಗಡಿಯವನೇ ಅದನ್ನು ಊರ ತುಂಬ ಹೇಳಿಕೊಂಡು ಬಂದ: ನಾ ಮಾರಿದ್ದು ಆಕೆಯ ಪಟ್ಟಿ, ನನ್ನ ತಪ್ಪೇನು? ಸಂಜೆ ಬರುವವರು ಕಡಿಮೆಯಾದರು. ಮಕ್ಕಳನ್ನು ಕ್ಲಾಸು ಬಿಡಿಸಿದ ತಂದೆತಾಯಿಗಳನ್ನು ನಾನೇ ನೋಡಿದೆ. ಅಕ್ಕೋರು ಹಾಳೆ ತೆಗೆಯಲಿಲ್ಲ.

ಉದ್ಯಮಬಾಗದಲ್ಲಿ ನಮ್ಮ ಕಾರ್ಖಾನೆಯೆದುರಿನ ಚಹಾದಂಗಡಿಯಲ್ಲೂ ಆ ಮಾತು ಬಂತು. ಶಹಾಪುರದ ಟೈಪಿಂಗ್ ಕಲಿಸುವ ಹೆಂಗಸಿನ ಪಟ್ಟಿ ನಂಬಿ ಯಾರದೋ ಕಂಪ್ಯೂಟರ್ ಸುಟ್ಟುಹೋಯಿತಂತೆ ಎಂದು ಜೊತೆಯ ನೌಕರನೊಬ್ಬ ಹೇಳಿದ. ಇನ್ನೊಬ್ಬ, ಆ ವಯಸ್ಸಿನಲ್ಲಿ ಆಕೆಗೆ ಯಾಕೆ ಬೇಕಿತ್ತು ಆಟದ ಉಸಾಬರಿ ಎಂದ. ನಾನು ಬಶಿಯಲ್ಲಿ ಚಹಾ ಹಾಕಿಕೊಂಡು ಊದುತ್ತ ಕೂತಿದ್ದೆ. ಮೂರು ಮಾತು ಸಾಕಿತ್ತು. ಆಡಲಿಲ್ಲ. ಸೀಡಿ ಅಂಗಡಿಯವನ ಮೇಲೆ ನನಗೆ ಸಿಟ್ಟಿದೆ, ನಕ್ಕ ಪೊಲೀಸರ ಮೇಲೆ ಇದೆ, ಆದರೆ ಚಹಾ ಊದುತ್ತಿದ್ದ ಆ ಮನುಷ್ಯನ ಮೇಲೆ ಇರುವಷ್ಟು ಯಾರ ಮೇಲೂ ಇಲ್ಲ.

ಒಂದು ಸಂಜೆ ಕ್ಲಾಸಿನಲ್ಲಿ ಯಾರೂ ಇಲ್ಲದ್ದು ನೋಡಿ ಆ ಪೆನ್ನು ಕೈಗೆ ತೆಗೆದುಕೊಂಡೆ. ಹಾಕಿದವರು ಎಂಬಲ್ಲಿ ಹೆಸರು ಬರೆಯುವುದು ಅಷ್ಟು ಕಷ್ಟವಿರಲಿಲ್ಲ. ಎರಡನೆಯದು, ಮೊದಲು ನೋಡಿದ್ದರೇ, ಅಲ್ಲಿ ಇಲ್ಲ ಎಂದು ಬರೆಯಬೇಕಾಗಿತ್ತು. ಬರೆದರೆ ವೈನಿ ಓದುತ್ತಾಳೆ. ಪೆನ್ನು ಬಿಟ್ಟೆ. ಅದು ದಾರದಲ್ಲಿ ತೂಗಾಡುವಾಗ ಹಿಂದೆ ತಿರುಗಿ ನೋಡಿದೆ. ಅಕ್ಕೋರು ಒಳಗಿನ ಬಾಗಿಲಲ್ಲಿ ನಿಂತಿದ್ದರು. ಟೈಪ್‌ರೈಟರುಗಳಿಗೆ ಮುಸುಕು ಹಾಕಲು ಶುರುಮಾಡಿದರು.

ಅಕ್ಕೋರು ಆಮೇಲೆ ಮಾಡಿದ ಕೆಲಸ ನೆನೆದರೆ ನನಗೆ ತಲೆ ಎತ್ತಲಾಗುವುದಿಲ್ಲ. ಪ್ರತಿ ರವಿವಾರ ಮುಂಜಾನೆ ಬಸ್ಸು ಹಿಡಿದು ಖಾನಾಪುರಕ್ಕೆ ಬಂದರು. ಕಾಗದದಲ್ಲಿ ಉಳಿದ ಅರ್ಧವನ್ನು ತಾವೇ ಕೂತು ಮತ್ತೆ ಟೈಪ್ ಮಾಡಿದರು. ಆಮೇಲೆ ಇಬ್ಬರೂ ಗೌಳಿವಾಡಕ್ಕೆ ನಡೆದುಹೋಗಿ, ಅಜ್ಜಿಯ ಸೊಸೆಯಂದಿರನ್ನು, ಎಮ್ಮೆ ಕಾಯುವ ಮುದುಕರನ್ನು ಕೂರಿಸಿಕೊಂಡು ಕೇಳಿದರು. ಅವರಿಗೆ ಕೆಲವು ಗೊತ್ತಿದ್ದವು, ಕೆಲವು ಗೊತ್ತಿರಲಿಲ್ಲ. ಅಜ್ಜಿ ಹೇಳತಿದ್ದಳು, ನಮಗ ನೆನಪಿಲ್ಲ ಎನ್ನುತ್ತಿದ್ದರು. ವೈನಿಗೆ ಆಗ ಅಳು ಬರುತ್ತಿತ್ತು. ಅಕ್ಕೋರು ಆ ಜಾಗ ಬಿಟ್ಟು ಮುಂದಿನದು ಕೇಳುತ್ತಿದ್ದರು. ತಮ್ಮದಲ್ಲದ ತಪ್ಪಿಗೆ ಒಂದೂವರೆ ವರ್ಷ ದುಡಿದರು. ವೈನಿ ಅವರ ಕ್ಷಮೆ ಕೇಳಿದಳು. ನಾನೂ ಆ ಗೌಳಿವಾಡದ ದಾರಿಯಲ್ಲಿ ಅವರ ಚೀಲ ಹೊತ್ತುಕೊಂಡು ನಡೆದೆ. ನನ್ನ ಹತ್ತಿರ ಹವೆ, ಬಸ್ಸು, ಕಾಲುನೋವಿನ ವಿಷಯ ಮಾತಾಡುತ್ತಿದ್ದರು. ಪುಸ್ತಕ ಸಣ್ಣದಾಗಿ ಪ್ರಿಂಟಾಯಿತು. ಆಗಬೇಕಾದದ್ದರ ಮುಕ್ಕಾಲು ಪಾಲು.

ಎರಡು ವರ್ಷಕ್ಕೆ ಕ್ಲಾಸು ಮುಚ್ಚಿತು. ಕಟ್ಟಡದ ಮಾಲಕ ಗೋಡೆಗೆ ಸುಣ್ಣ ಹೊಡೆಸುವಾಗ ಹಾಳೆಗಳನ್ನು ಕಿತ್ತು ರದ್ದಿಗೆ ಹಾಕಿದ. ಅಲ್ಲಿಯ ತನಕ ಆ ಎರಡು ಜಾಗ ಖಾಲಿಯೇ ಇದ್ದವು.

ಅಕ್ಕೋರು ತೀರಿಕೊಂಡದ್ದು ಅದಾಗಿ ಬಹಳ ವರ್ಷದ ಮೇಲೆ, ಮಲಗಿದಲ್ಲೇ, ಯಾರಿಗೂ ಸೇವೆ ಹಚ್ಚದೆ. ಹಳೆಯ ವಿದ್ಯಾರ್ಥಿಗಳು ಓಣಿಯ ಮಂಗಲ ಕಾರ್ಯಾಲಯದಲ್ಲಿ ಶೋಕಸಭೆ ಕರೆದರು. ನಾನೂ ವೈನಿಯೂ ಹೋದೆವು. ಮುಂದಿನ ಸಾಲಿನಲ್ಲಿ ಸೀಡಿ ಅಂಗಡಿಯವ ಕೂತಿದ್ದ. ಈಗ ಮೊಬೈಲ್ ಅಂಗಡಿಗಳ ಮಾಲಕ. ಬಿಳಿ ಅಂಗಿ, ಕೈಯಲ್ಲಿ ಹಾರ. ಅವನಿಗೂ ಮೈಕು ಕೊಟ್ಟರು. ಆ ಕಾಲದಲ್ಲಿ ಊರಿನ ಹುಡುಗರಿಗೆ ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂದು ನಾನೂ ಮೇಡಂ ಅವರೂ ಕೂಡಿಯೇ ಪಟ್ಟಿ ಮಾಡಿ ಹೇಳಿದೆವು, ಏನೋ ಸಣ್ಣಪುಟ್ಟ ತಪ್ಪಾಯಿತು, ಆ ನೋವು ಅವರನ್ನು ಕಾಡಿತು ಎಂದ. ದನಿ ಸಣ್ಣದು ಮಾಡಿಕೊಂಡು ಹೇಳಿದ. ಕೆಲವರು ತಲೆಯಾಡಿಸಿದರು.

ನಾನು ಎದ್ದು ನಿಂತೆ. ಮೈಕು ಬೇಕಾಗಲಿಲ್ಲ. ಆ ಪಟ್ಟಿಯಲ್ಲಿ ನಿಮ್ಮದು ಒಂದಕ್ಷರವೂ ಇರಲಿಲ್ಲ, ನೀವು ಅವರ ಶಿಕ್ಕೆ ಕದ್ದಿರಿ, ನಿಮ್ಮ ಸೀಡಿಯಿಂದ ಖಾನಾಪುರದಲ್ಲಿ ಒಂದು ಕಂಪ್ಯೂಟರ್ ಅಳಿಸಿಹೋಯಿತು ಎಂದೆ. ಸಭೆ ಗುಜುಗುಜು ಎಂದಿತು. ಹಿಂದಿನಿಂದ ಯಾರೋ ಅಂಗಿ ಹಿಡಿದು ಜಗ್ಗಿ, ಇದು ಇವತ್ತು ಆಡುವ ಮಾತಲ್ಲ, ಕೂಡ್ರಿ ಎಂದರು. ನಾನು ಕೂರುವವನಿದ್ದೆ.

ಬಾಜುವಿನಿಂದ ವೈನಿ ಹೇಳಿದಳು, "ಪೂರಾ ಹೇಳು."

ಅವಳಿಗೆ ಯಾವಾಗಿನಿಂದ ಗೊತ್ತಿತ್ತೋ ನನಗೆ ಗೊತ್ತಿಲ್ಲ.

"ಅದನ್ನ ಹಾಕಿದಾಂವ ನಾನು" ಎಂದೆ. "ಅದು ಅಕ್ಕೋರ ಪಟ್ಟಿ ಅಲ್ಲ ಅಂತ ಗೊತ್ತಿದ್ದೂ ಹಾಕಿದೆ. ನೋಡಲಾರದ, ನೋಡೀನಿ ಅಂತ ಸುಳ್ಳ ಹೇಳಿದೆ. ಅಕ್ಕೋರದು ಇದರಾಗ ಏನೂ ತಪ್ಪಿಲ್ಲ."

ಆಮೇಲೆ ಏನೂ ಆಗಲಿಲ್ಲ. ಒಬ್ಬರು ಎದ್ದು ಎರಡು ನಿಮಿಷದ ಮೌನ ಎಂದರು. ಎಲ್ಲರೂ ನಿಂತರು, ಅವನೂ ನಿಂತ. ಹೊರಗೆ ಬರುವಾಗ ಹಳೆಯ ಗೆಳೆಯರು, ಸಭೆ ಕೆಡಿಸಿದೆ ಎಂದು ನನ್ನನ್ನೇ ಬೈದರು. ಅವನ ಅಂಗಡಿಗಳು ಇನ್ನೂ ಚೆನ್ನಾಗಿ ನಡೆಯುತ್ತಿವೆ.

ಖಾನಾಪುರದ ಬಸ್ಸಿನಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು. ಬಸ್ಸು ಉದ್ಯಮಬಾಗ ದಾಟುವಾಗ, ಇಷ್ಟು ವರ್ಷ ಯಾಕೆ ಸುಮ್ಮನಿದ್ದಿ ಎಂದು ವೈನಿ ಕೇಳಿದಳು. ಅಕ್ಕೋರು ನನ್ನ ಹೆಸರು ಯಾರ ಮುಂದೂ ತೆಗೆಯಲಿಲ್ಲ, ಅದಕ್ಕೇ ಸುಮ್ಮನಿದ್ದುಬಿಟ್ಟೆ ಎಂದೆ.

ವೈನಿ ಕಿಟಕಿಯ ಕಡೆ ಮುಖ ಮಾಡಿದಳು.

"ನೀ ಹೇಳ್ತಿ ಅಂತ ಕಾಯ್ದ್ರು" ಎಂದಳು.